ಗೊಣಗಮ್ಮನ ಬಾಯಿ

"ಏಯ್ ಕಿವುಡಿ! ಆ ಮುಂಡೇದರ ಬಾಯಿ ಮುಚ್ಚಿಸೇ!"

ಡಾಕ್ಟರು ತಮ್ಮ ಕೋಣೆಯಿಂದಲೇ ಕಿರುಚಿದರು. ಆಯಾ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಸೆರಗಿಗೆ ಉಜ್ಜಿಕೊಂಡು, ಹೆಂಗಸರ ವಾರ್ಡಿನ ಮೂಲೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದ ಕಂಪ್ಯೂಟರಿನ ಬಳಿ ಹೋದಳು. ಪರದೆ ಕೆಂಪಗಿತ್ತು. ಅದರ ಮೇಲೆ ಮೂಡಿದ್ದ ಗುಂಡಿಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಒತ್ತಿದಳು. ಸದ್ದಡಗಿತು.

ನರ್ಸು ಜ್ವರ, ನಾಡಿ, ಉಸಿರಿನ ಲೆಕ್ಕ ತುಂಬಿಸಿದರೆ, ಯಾರ ಜೀವಕ್ಕೆ ಅಪಾಯ ಎಂದು ಕೂಗಿ ಹೇಳುವುದು ಆ ಯಂತ್ರದ ಕಸುಬು. ಜ್ವರ ಒಂದು ಗೆರೆ ಏರಿದರೂ ಕೂಗುತ್ತಿತ್ತು, ನಾಡಿ ಎರಡು ಬಡಿತ ಹೆಚ್ಚಿದರೂ ಕೂಗುತ್ತಿತ್ತು. ವಾರ್ಡಿನವರು ಅದಕ್ಕೆ ಗೊಣಗಮ್ಮ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಡಾಕ್ಟರು ಬೆರಳಚ್ಚು ಒತ್ತಿ ತಮ್ಮ ಹೆಸರಿನಲ್ಲಿ ಅದನ್ನು ತೆರೆದಿಟ್ಟು ಒಳಗೆ ಹೋದರೆ, ಉಳಿದದ್ದೆಲ್ಲ ಆಯಾಳ ಬೆರಳಿಗೆ ಬಿಟ್ಟದ್ದು. ಅಕ್ಷರ ಬಾರದವಳಿಗೆ ನರ್ಸು ಹೇಳಿಕೊಟ್ಟಿದ್ದಳು: "ಮೇಲಿಂದು ಒತ್ತು. ಕೆಳಗಿಂದು ಒತ್ತಿದ್ರೆ ಅದು ಇನ್ನೇನೇನೋ ಕೇಳತ್ತೆ. ನಮಗ್ಯಾಕೆ ಊರ ಉಸಾಬರಿ?"

ಒಂದು ಕೂಗನ್ನೂ ಕಡೆಗಣಿಸದ ವಾರ್ಡು ಎಂದು ಮೇಲಿನವರು ಪ್ರಶಸ್ತಿ ಪತ್ರಕ್ಕೆ ಕಟ್ಟುಹಾಕಿಸಿ ಕಳಿಸಿದ್ದರು. ಅದರ ಗಾಜು ಒರೆಸುವುದೂ ಆಯಾಳ ಕೆಲಸವೇ.

"ಅತ್ತಿಗೆ, ಈಗೇನು ಒತ್ತಿದೆ?"

ಕಂಪ್ಯೂಟರಿನ ಎದುರಿನ ಮಂಚದಿಂದ ಆಯಾಳ ನಾದಿನಿ ಕೇಳಿದಳು. ಅವಳು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಮುದ್ದೆಯಾದ ಹಾಸುಬಟ್ಟೆಯೊಳಗೆ ಯಾರೋ ಬಿಟ್ಟಿದ್ದ ಸೂಜಿ ಅಂಗೈಗೆ ಚುಚ್ಚಿ, ಮೊಣಕೈವರೆಗೆ ಊದಿತ್ತು. ಬೆಳಿಗ್ಗೆ ಡಾಕ್ಟರು ಮಂಚದ ಕಾಲ್ದೆಸೆಯಲ್ಲೇ ನಿಂತು, "ಕಣ್ಣು ಬಿಟ್ಕೊಂಡು ಒಗೆಯಕ್ಕೆ ಏನು ಧಾಡಿ?" ಎಂದು ಮಾತ್ರೆ ಬರೆದುಹೋಗಿದ್ದರು. ಆ ಕೈಯನ್ನು ಅವರು ಮುಟ್ಟಿರಲಿಲ್ಲ.

"ಬಾಯಿ ಮುಚ್ಚೋ ಗುಂಡಿ ಕಣೇ. ಸುಮ್ನೆ ಮಲಕ್ಕೋ."

"ಅಲ್ಲ ಕಣೇ. 'ಡಾಕ್ಟರು ರೋಗಿಯನ್ನು ಪರೀಕ್ಷಿಸಿದ್ದಾರೆ' ಅಂತ ಆ ಗುಂಡಿ ಮೇಲೆ ಬರ್ದಿತ್ತು. ನನ್ನ ಮಂಚದ ನಂಬರೂ ಇತ್ತು." ನಾದಿನಿಯ ಹಲ್ಲುಗಳು ಕಟಕಟ ಎನ್ನುತ್ತಿದ್ದವು. "ಎಂಥ ಡಾಕ್ಟ್ರಮ್ಮ ನೀನು! ಒಂದು ಇಂಜೆಕ್ಷನ್ನಾದ್ರೂ ಕೊಡೇ."

ಆಯಾಳಿಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು. ಬಾಗಿಲ ಬಳಿಯ ಮಂಚದ ಅಜ್ಜಿಯನ್ನೂ ಹಾಗಾದರೆ ಅವಳೇ ಪರೀಕ್ಷಿಸಿದ್ದಳು. ಕಂಬದ ಪಕ್ಕದ ಬಾಣಂತಿಯನ್ನೂ ಅವಳೇ. ಆಮೇಲೆ ಆ ಎರಡು ಮಂಚಗಳನ್ನೂ ಫಿನಾಯಿಲ್ ಹಾಕಿ ತೊಳೆದವಳೂ ಅವಳೇ.

ಡಾಕ್ಟರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಸಾರ್, ನಮ್ಮ ನಾದಿನಿ ಮೈ ಕೆಂಡ ಆಗಿದೆ. ಒಂದ್ಸಲ ಬಂದು ನೋಡಿ."

"ಬೆಳಿಗ್ಗೆ ನೋಡಿದ್ನಲ್ಲ. ಕೆಲ್ಸ ಕದಿಯಕ್ಕೆ ಮಂಚ ಹಿಡೀತೀರಿ, ನಿಮ್ಮ ಜಾತಕವೇ ಅಷ್ಟು. ಹೋಗು, ಹೊಸಿಲು ದಾಟ್ಬೇಡ, ಕಾಲು ಗಲೀಜು."

ಅಷ್ಟರಲ್ಲಿ ನರ್ಸು ನಾದಿನಿಯ ಜ್ವರದ ಹೊಸ ಲೆಕ್ಕ ತುಂಬಿಸಿದ್ದೇ ತಡ, ಗೊಣಗಮ್ಮ ಮತ್ತೆ ಶುರುವಿಟ್ಟುಕೊಂಡಿತು.

"ಒತ್ತೇ!"

ಆಯಾ ಕಂಪ್ಯೂಟರಿನ ಬಳಿ ಹೋದಳು. ಪರದೆಗೆ ಬೆನ್ನು ಕೊಟ್ಟು ನಿಂತಳು.

"ಒತ್ತಲ್ಲ ಸಾರ್."

ಡಾಕ್ಟರು ಚಪ್ಪಲಿ ಬಡಿಯುತ್ತ ಹೊರಗೆ ಬಂದರು.

"ಜಾಗ ಬಿಡೇ, ಕತ್ತೆ ಮುಂಡೆ!"

"ಇಷ್ಟು ದಿನ ನಿಮ್ಮ ಬದಲು ನಾನು ನೋಡ್ದೆ. ನಾನು ನೋಡಿದೋರೆಲ್ಲ ಸತ್ತೋದ್ರು. ನನ್ನ ಕೈಗುಣ ಸರಿ ಇಲ್ಲ ಸಾರ್, ಇದೊಬ್ಬಳನ್ನ ನೀವು ನೋಡಿ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಆಗ್ಲಿ. ಇವತ್ತು ನೀವು ಆ ಮಂಚದ ಕಡೆ ತಲೆ ಹಾಕಿ."

ಡಾಕ್ಟರು ಅವಳ ಹೆಗಲ ಮೇಲಿಂದ ಪರದೆಗೆ ಕೈ ಚಾಚಿದರು. ಅವಳ ಮೈ ತಾಗುತ್ತಲೇ ಕೈ ತಾನಾಗಿ ಹಿಂದೆ ಸರಿಯಿತು. ಆಯಾ ಕಂಪ್ಯೂಟರಿನ ಮೇಜಿನ ಮೇಲೇ ಬಿದ್ದಿದ್ದ ಸ್ಟೆತಸ್ಕೋಪನ್ನು ಎತ್ತಿಕೊಂಡಳು. ಫಿನಾಯಿಲ್ ವಾಸನೆಯ ಎರಡೂ ಕೈಗಳಿಂದ, ಗಣ್ಯರಿಗೆ ಹಾರ ಹಾಕುವಷ್ಟು ಮರ್ಯಾದೆಯಿಂದ, ಅದನ್ನು ಡಾಕ್ಟರ ಕೊರಳಿಗೆ ಹಾಕಿದಳು.

"ಬನ್ನಿ," ಎಂದಳು. ಪರದೆಯ ಮುಂದಿನಿಂದ ಮಾತ್ರ ಕದಲಲಿಲ್ಲ.

ಗೊಣಗಮ್ಮ ಕೂಗುತ್ತಲೇ ಇತ್ತು. ನಾದಿನಿ ಊದಿದ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಡಾಕ್ಟರ ಕಡೆಗೆ ನೀಡಿ ಹಿಡಿದಳು.