ಜೊತೆ ಸಾಯಲು ಅಪ್ಪಣೆ

ಆ ಶರತ್ಕಾಲ ಬಾವಿಕಟ್ಟೆಯಲ್ಲಿ ಮೂಲಂಗಿ ತೊಳೆಯುವ ಹೆಂಗಸರಿಗೆ ಒಂದೇ ಮಾತು. ಸೇನಾಪತಿ ಕುವಬಾರಾ ಮುನೆಹಿರಾ ಹಾಸಿಗೆ ಹಿಡಿದಿದ್ದರು. ಅವರ ಜೊತೆ ಸಾಯಲು ಯಾರ ಗಂಡ ಅಪ್ಪಣೆ ಕೇಳಿದ, ಯಾರ ಗಂಡ ಕೇಳಲಿಲ್ಲ?

ಒಡೆಯ ಸತ್ತರೆ ಮೆಚ್ಚಿನ ಬಂಟ ಹೊಟ್ಟೆ ಸೀಳಿಕೊಂಡು ಹಿಂದೆ ಹೋಗುವುದು ನಮ್ಮಲ್ಲಿ ಮರ್ಯಾದೆ. ಅಪ್ಪಣೆಯಿಲ್ಲದೆ ಸತ್ತರೆ ನಾಯಿಸಾವು. ಅಪ್ಪಣೆಯನ್ನೇ ಕೇಳದವನು ನಾಯಿಗಿಂತ ಕಡೆ. ನನ್ನ ಗಂಡ ಜಿನ್ನೈ ಇನ್ನೂ ಕೇಳಿರಲಿಲ್ಲ. ನನ್ನತ್ತೆ ಸೇನಾಪತಿಗೆ ಹಾಲೂಡಿಸಿದ ದಾದಿ. ಒಂದೇ ಎದೆಯ ಹಾಲು ಕುಡಿದವನೇ ಮೊದಲು ಹೋಗಬೇಕೆಂಬುದು ಊರಿನ ನಂಬಿಕೆ.

"ಏನೇ, ನಿನ್ ಗಂಡಂಗೆ ಹಲ್ಲುನೋವೇನೆ? ಬಾಯೇ ಬಿಡ್ತಿಲ್ವಲ್ಲ!" ಎಂದು ನನ್ನನ್ನು ಕೆಣಕಿದಳು ಎದುರುಮನೆಯ ಓಕಿನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ ಅತ್ತೆ, ಹೊಟ್ಟೆ ಸೀಳಿಕೊಳ್ಳುವವನು ಉಡುವ ಬಿಳಿ ಬಟ್ಟೆ ಹೊಲಿಯುತ್ತಿದ್ದರು. ಯಾರಿಗೆಂದು ನಾನು ಕೇಳಲಿಲ್ಲ.

"ನಿಮ್ಮಪ್ಪ ಹಿರೀ ಒಡೆಯರ ಹಿಂದೆ ನಗ್ತಾ ಹೋದ್ರು. ನೀನು ನೋಡಿದ್ರೆ ಎರಡನೇ ಸಲ ಅನ್ನ ಹಾಕಿಸ್ಕೊಳ್ತಿದೀಯಲ್ಲೋ," ಎಂದರು ಮಗನಿಗೆ.

"ಹಸಿವಮ್ಮ," ಎಂದ ಜಿನ್ನೈ.

ಮರುದಿನ ಅತ್ತೆಯೇ ನಮ್ಮಿಬ್ಬರನ್ನೂ ಸೇನಾಪತಿಯ ಮನೆಗೆ ಎಳೆದೊಯ್ದರು. ಕೋಟೆ ಕೆಡವಿದ ಆ ದೇಹ ಹೊದಿಕೆಯೊಳಗೆ ಮಗುವಿನಷ್ಟಾಗಿತ್ತು.

"ಒಡೆಯಾ, ಚಿಕ್ಕಂದಿನಲ್ಲಿ ಕತ್ತಲಂದ್ರೆ ಹೆದರ್ತಿದ್ರಿ," ಎಂದರು ಅತ್ತೆ. "ಒಬ್ಬರನ್ನೇ ಹೇಗೆ ಕಳಿಸ್ಲಿ? ಇವನ್ನ ಕರ್ಕೊಂಡು ಹೋಗಿ."

ಸೇನಾಪತಿ ದಿಂಬಿನ ಮೇಲೆ ತಲೆ ಹೊರಳಿಸಿ ಅತ್ತೆಯತ್ತ ನೋಡಿದರು.

"ಅವ್ವಾ, ನಮ್ಮಪ್ಪ ಸತ್ತಾಗ ಒಳ್ಳೊಳ್ಳೆ ದಳವಾಯಿಗಳೆಲ್ಲ ಹಿಂದೇ ಹೋದ್ರು. ಮುಂದಿನ ಮಳೆಗಾಲ ಹೊಳೆ ದಾಟೋ ಕಾಳಗ. ಕಾಲು ಎಲ್ಲಿಡಬೇಕು ಅಂತ ಬಲ್ಲೋರು ಒಬ್ರೂ ಉಳಿದಿರ್ಲಿಲ್ಲ. ಅರ್ಧ ದಂಡು ಮುಳುಗ್ತು. ಅಪ್ಪನ ಹೆಣಕ್ಕೆ ಮಾಡಿದ ಸಿಂಗಾರಕ್ಕೆ ತೆತ್ತ ಬೆಲೆ ಅದು. ಅಪ್ಪಣೆ ಇಲ್ಲ. ಯಾರಿಗೂ ಇಲ್ಲ."

"ಒಡೆಯರಿಗೇ ಬೇಡವಾದ ಬಂಟ ಅಂತಾರಲ್ಲ ಜನ!" ಎಂದರು ಅತ್ತೆ.

"ಅಂತಾರೆ. ಅನ್ನಿಸ್ಕೊಂಡು ಬದುಕು, ಜಿನ್ನೈ. ನಾನು ಮಾಡಿದ ಯಾವ ಕಾಳಗಕ್ಕಿಂತಲೂ ಅದು ಕಷ್ಟ."

ಮೊದಲ ಹಿಮ ಬಿದ್ದ ದಿನ ಮುಂಜಾನೆ ಸೇನಾಪತಿ ತೀರಿಕೊಂಡರು. ಬದುಕುಳಿದು ಅನ್ನಿಸಿಕೊಳ್ಳುವುದಕ್ಕಿಂತ ನಾಯಿಸಾವೇ ಮೇಲು ಎಂಬಂತೆ ಅತ್ತೆ ಬಿಳಿ ಬಟ್ಟೆಯನ್ನು ಮಡಿಸಿ ಮಗನ ಮುಂದಿಟ್ಟರು. ಬೀದಿಯ ಕಿಟಕಿಗಳೆಲ್ಲ ನಮ್ಮ ಬಾಗಿಲನ್ನೇ ನೋಡುತ್ತಿದ್ದವು. ಜಿನ್ನೈ ಬಟ್ಟೆಯನ್ನು ಮುಟ್ಟಲಿಲ್ಲ, ತಳ್ಳಲೂ ಇಲ್ಲ.

"ಅಮ್ಮ, ಒಡೆಯರು ಅಪ್ಪಣೆ ಕೊಡ್ಲಿಲ್ಲ. ನೀನು ಕೊಡ್ತೀಯಾ? ಸಾಯಿ ಅಂತ ನನ್ನ ಮುಖ ನೋಡಿ ಒಂದ್ ಮಾತು ಹೇಳು. ಈಗಲೇ ಆಗ್ಲಿ."

ಒಲೆಯ ಮೇಲೆ ಸಾರು ಉಕ್ಕಿ ಕೆಂಡಕ್ಕೆ ಸುರಿಯಿತು. ನಾನು ಏಳಲಿಲ್ಲ. ಅತ್ತೆ ಮಗನ ಮುಖ ನೋಡಿದರು. ಈ ಮಾತನ್ನು ಎದುರು ನಿಂತು ಹೇಳುವ ಗತಿ ಯಾವ ತಾಯಿಗೂ ಬಂದಿರಲಿಲ್ಲ; ಊರೇ ಅವರ ಪರವಾಗಿ ಹೇಳಿಬಿಡುತ್ತಿತ್ತು.

ಬಾಗಿಲಲ್ಲಿ ಓಕಿನುವಿನ ದನಿ: "ಇನ್ನೂ ಆಗ್ಲಿಲ್ವೇನಮ್ಮಾ?"

ಅತ್ತೆ ಎದ್ದು ಹೋಗಿ ಬಾಗಿಲನ್ನು ಪೂರ್ತಿ ಸರಿಸಿದರು.

"ನನ್ನ ಹಾಲು ಕುಡಿದ ಮಗ ಒಬ್ಬ ಇವತ್ತು ಹೋಗಿದಾನೆ ಕಣೇ. ಒಬ್ಬನೇ ಸಾಕು. ಇನ್ನೊಬ್ಬ ಒಳಗಿದಾನೆ, ಇರ್ತಾನೆ. ಹೋಗಿ ಎಲ್ಲರಿಗೂ ಹೇಳು."

ಓಕಿನುವಿನ ಗಂಡನೂ ಅದೇ ದಂಡಿನವನು, ಸಾಯಲು ಅಪ್ಪಣೆ ಕೇಳಿದ್ದವನು. ಅವಳು ಹಿಮದಲ್ಲಿ ತಿರುಗಿ ಎದುರಿನ ತನ್ನ ಬಾಗಿಲ ಕಡೆ ನೋಡಿದಳು. ಆಮೇಲೆ ಓಡುತ್ತಾ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಆ ಮನೆಯಲ್ಲೂ ಯಾರೂ ಸಾಯಲಿಲ್ಲ.