ಕವರಿನಡಿ ಹೂತುಹೋದ ಬೆಲ್ಟು

ಕಾರು ಕೊಂಡವರ ಮನೆಯಲ್ಲಿ ಮೊದಲು ನಡೆಯುವ ಕೆಲಸವೇನು ಹೇಳಿ? ಸೀಟಿಗೆ ಕವರು ಹಾಕಿಸುವುದು. ಈ ಮನೆಯಲ್ಲೂ ಹಾಗೇ ಆಯಿತು. ಕವರು ಹೊಲಿದವಳು ಮಾತ್ರ ಮನೆಯೊಡತಿಯೇ. ಅವಳು ದರ್ಜಿ.

ಗಂಡ ಬೇಕರಿಯಲ್ಲಿ ಕೆಲಸಗಾರ. ಇದ್ದದ್ದು ಒಂದು ಸ್ಕೂಟರ್. ಅದರಲ್ಲಿ ಹೈಸ್ಕೂಲಿನ ಮಗಳನ್ನು ಕೂರಿಸಿಕೊಂಡರೆ ಮಂಡಿ ನೋವಿನ ಅವನ ತಾಯಿ ಮನೆಯಲ್ಲೇ ಉಳಿಯಬೇಕು. ವರ್ಷಗಟ್ಟಲೆ ಯೋಚಿಸಿ ಗಂಡಹೆಂಡತಿ ಒಂದು ಪುಟ್ಟ ಸೆಡಾನ್ ಕಾರು ಕೊಂಡರು. ದೊಡ್ಡವರ ಕಾರಲ್ಲ, ಆದರೆ ಗಟ್ಟಿಗಿತ್ತಿ. ಡಿಕ್ಕಿಯಲ್ಲಿ ಹೊಲಿಗೆ ಯಂತ್ರದ ಜೊತೆ ಬಟ್ಟೆಯ ಗಂಟುಗಳೂ ಹಿಡಿಸುತ್ತಿದ್ದವು. ಅತ್ತೆ ಒದ್ದಾಡದೆ ಹತ್ತಿ ಕೂರುತ್ತಿದ್ದರು. ಪೆಟ್ರೋಲ್ ಕುಡಿಯುವುದರಲ್ಲೂ ಅದು ಬಲು ಮಿತ.

ಬಂಗಾರದ ಬಣ್ಣದ ದಾರದಲ್ಲಿ ಹೊಲಿದ ಕವರು ಸೀಟಿಗೆ ಚರ್ಮದ ಹಾಗೆ ಕೂತಿತ್ತು. ನೋಡಿದವರೆಲ್ಲ ಹೊಗಳಿದರು. ನಾದಿನಿಯೊಬ್ಬಳು ಮಾತ್ರ ಹಿಂದಿನ ಸೀಟಿನ ಮೇಲೆ ಕೈಯಾಡಿಸಿ, ಬೆಲ್ಟು ಸಿಕ್ಕಿಸುವ ಬಕಲ್ ಎಲ್ಲಿ ಎಂದು ಕೇಳಿದಳು. ಅವಳು ಆಸ್ಪತ್ರೆಯ ಅಪಘಾತ ವಾರ್ಡಿನಲ್ಲಿ ನರ್ಸು. ಬಕಲ್‌ಗಳೆಲ್ಲ ಕವರಿನಡಿ ಹೂತುಹೋಗಿದ್ದವು.

ಹಿಂದೆ ಕೂತವರಿಗೆ ಬೆಲ್ಟು ಯಾಕೆ, ಮುಂದೆ ಸೀಟೇ ಅಡ್ಡ ಇದೆಯಲ್ಲ ಎಂದಳು ದರ್ಜಿ. ಅತ್ತೆಯೂ ಸೊಸೆಯ ಪರ. ಈ ವಯಸ್ಸಿನಲ್ಲಿ ತನಗೆ ಉಸಿರು ಕಟ್ಟುತ್ತದೆ ಎಂದರು.

ನಾದಿನಿ ದನಿ ಏರಿಸಲಿಲ್ಲ. "ಅತ್ತಿಗೆ, ಕಾರು ಗಕ್ಕನೆ ನಿಂತರೂ ಒಳಗಿರೋ ನಾವು ನಿಲ್ಲಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಹೋಗ್ತೀವಿ. ಅಮ್ಮ ಹೋಗಿ ಸೀಟಿನ ಸಮೇತ ಅಣ್ಣನ ಬೆನ್ನಿಗೆ ಬಡೀತಾಳೆ. ಪೆಟ್ಟು ಇಬ್ಬರಿಗೂ. ಇಂಥವರನ್ನ ವಾರ್ಡಲ್ಲಿ ನೋಡ್ತಾನೇ ಇರ್ತೀನಿ."

ಮಾತು ದರ್ಜಿಗೆ ನಾಟಿತು. ಆದರೂ ಅಷ್ಟು ಚಂದದ ಕವರಿಗೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ. ಕೊನೆಗೆ ಅಂಗಿಯ ಗುಂಡಿಗೆ ಕಾಜ ಮಾಡುವ ಹಾಗೆ ಸೀಳಿ, ಅಂಚು ಹೊಲಿದು, ಬಕಲ್‌ಗಳನ್ನು ಹೊರತೆಗೆದಳು. ಅತ್ತೆ ಗೊಣಗುತ್ತಲೇ ಬೆಲ್ಟು ಹಾಕಿಸಿಕೊಂಡರು. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕೆಂದು ನಾದಿನಿ ಸರಿಮಾಡಿದಳು.

ಮರುತಿಂಗಳು ಗಿರಾಕಿಯೊಬ್ಬರ ಮನೆಗೆ ಬಟ್ಟೆ ತಲುಪಿಸಲು ಎಲ್ಲರೂ ಹೊರಟಿದ್ದರು. ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯಿಂದ ಕಬ್ಬಿಣದ ಪೀಪಾಯಿಯೊಂದು ಉರುಳಿಬಿತ್ತು. ಗಂಡ ಬ್ರೇಕು ಒತ್ತಿದರೂ ಕಾರು ಅದಕ್ಕೆ ಗುದ್ದಿಯೇ ನಿಂತಿತು. ಮೂತಿ ನಜ್ಜುಗುಜ್ಜಾಯಿತು.

ದರ್ಜಿ ಜೀವ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿ ನೋಡಿದಳು. ಮಗಳು ಅಳುತ್ತಿದ್ದಳು. ಅತ್ತೆ ಅವಳ ಕೈ ಹಿಡಿದು ಕೂತಲ್ಲೇ ಕೂತಿದ್ದರು. ಇಬ್ಬರ ಭುಜದ ಮೇಲೂ ಬೆಲ್ಟಿನ ಕೆಂಪು ಬರೆ, ಅಷ್ಟೇ. ಅತ್ತೆ ಮುಂದೆ ಕೂತ ಮಗನ ಬೆನ್ನನ್ನೇ ನೋಡುತ್ತಾ, "ನಾನು ಹೋಗಿ ಬಡಿದಿದ್ರೆ ಅವನು ಉಳೀತಿರಲಿಲ್ಲ ಕಣಮ್ಮ" ಎಂದರು.

ಪೆಟ್ಟನ್ನೆಲ್ಲ ತಾನು ತಿಂದ ಆ ಪುಟ್ಟ ಕಾರು ರಿಪೇರಿಯಾಗಿ ಬಂದಿದೆ. ಅತ್ತೆಯೇ ಈಗ ಅದನ್ನು ಒರೆಸುತ್ತಾರೆ. ಕವರು ಹೊಲಿಸಲು ಯಾರು ಬಂದರೂ ದರ್ಜಿ ಮೊದಲು ಬಕಲ್ ಇರುವ ಜಾಗ ಅಳೆಯುತ್ತಾಳೆ.

ನಿಮ್ಮ ಕಾರನ್ನೂ ನೀವು ಬೆವರು ಸುರಿಸಿಯೇ ಕೊಂಡಿರುತ್ತೀರಿ. ಇವತ್ತೇ ಹಿಂದಿನ ಸೀಟಿನ ಸಂದಿಗೆ ಕೈಹಾಕಿ ನೋಡಿ. ಬಕಲ್ ಸಿಗದಿದ್ದರೆ ಕವರು ಬಿಚ್ಚಿಸಿ. ಹತ್ತಿರದ ಅಂಗಡಿಗಾದರೂ ಸರಿ, ಹಿಂದೆ ಕೂತವರ ಬೆಲ್ಟು 'ಟಕ್' ಎಂದ ಮೇಲೆಯೇ ಗಾಡಿ ಹೊರಡಲಿ.