ಹೋಗಬೇಕಿತ್ತು

ಹೆಬ್ಬಳ್ಳಿಯ ಭುವನೇಶ್ವರಿ ಮದುವೆಯಾಗಿ ಹನ್ನೊಂದು ವರ್ಷಗಳ ಮೇಲೆ ಪಿಯುಸಿ ಪರೀಕ್ಷೆ ಕಟ್ಟಿದ್ದಳು. ಇಂಗ್ಲಿಷ್ ಒಂದೇ ಕಬ್ಬಿಣದ ಕಡಲೆ. ‘ಶುಡ್’ ತಿಳಿಯುತ್ತಿತ್ತು, ‘ಶುಡ್ ಹ್ಯಾವ್’ ಬಂದರೆ ತಲೆ ಓಡುತ್ತಿರಲಿಲ್ಲ.

“ಹೋಗಬೇಕು ಅಂದ್ರ ಶುಡ್ ಗೋ,” ಎಂದರು ಧಾರವಾಡದ ಕ್ಲಾಸಿನ ರಾಜೇಶ್ವರಿ ಟೀಚರ್. “ಹೋಗಬೇಕಿತ್ತು, ಆದ್ರ ಹೋಗ್ಲಿಲ್ಲ ಅಂದ್ರ ಶುಡ್ ಹ್ಯಾವ್ ಗಾನ್. ಮನಿಯವರ ಮ್ಯಾಲೆ ಒಂದು ವಾಕ್ಯ ಬರಕೊಂಡು ಬರ್ರಿ.”

ಸಂಜೆ ಅಡುಗೆಮನೆಯಲ್ಲಿ ಕೂತು ಬರೆದದ್ದನ್ನು ಅವಳು ಗಟ್ಟಿಯಾಗಿ ಓದಿಕೊಂಡಳು.

“ಏನಂತ ಅದು?” ಎಂದಳು ರೊಟ್ಟಿ ಬಡಿಯುತ್ತಿದ್ದ ಅತ್ತೆ ಶಿವಲಿಂಗವ್ವ.

“ನಮ್ಮತ್ತಿ ಸಾಲಿಗೆ ಹೋಗಬೇಕಿತ್ತು ಅಂತರೀ.”

ಅತ್ತೆಯ ಕೈ ನಿಂತಿತು. ಮನಸ್ಸು ನೋಯಿಸಿದೆನೇನೋ ಎಂದು ಭುವನೇಶ್ವರಿ ಹೆದರಿದಳು.

“ಖರೇ ಬರದಿ ನೋಡವಾ. ನಮ್ಮಪ್ಪ ಬ್ಯಾಡಂದ. ಅದಕ್ಕ ನಿನ್ನ ಕ್ಲಾಸಿಗೆ ಕಳಸು ಅಂತ ನಿನ್ನ ಗಂಡಗ ಗಂಟುಬಿದ್ದೆ.”

ಗಂಡನೇ ತಾನಾಗಿ ಕಳಿಸಿದ್ದೆಂದು ಅಲ್ಲಿಯವರೆಗೆ ನಂಬಿದ್ದ ಭುವನೇಶ್ವರಿಗೆ ಕಣ್ಣು ತುಂಬಿ ಬಂತು. ಎದ್ದು, ಹಿಟ್ಟು ಮೆತ್ತಿದ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

“ಸಾಕು ಬಿಡವಾ, ಅಭ್ಯಾಸ ಮಾಡು,” ಎಂದು ಶಿವಲಿಂಗವ್ವ ನಕ್ಕಳು.

ಭುವನೇಶ್ವರಿ ಇಂಗ್ಲಿಷಿನಲ್ಲಿ ಅರವತ್ತೆರಡು ತೆಗೆದು ಪಾಸಾದಳು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು.